ಫ್ಯಾನಿನ ರೆಗ್ಯುಲೇಟರು ಬದಲಿಸುವ ಮುನ್ನ



ಯುಗಾದಿ ಕಳೆದು ಬಿಸಿಲು ಏರಿತೆಂದರೆ ಹೊಸಪೇಟೆ, ಕಂಪ್ಲಿ ಕಡೆಯಲ್ಲಿ ರಾತ್ರಿ ನಿದ್ದೆಗೆ ಫ್ಯಾನೇ ಗತಿ. ಹಂಪಿಯ ಸುತ್ತಿನ ಊರುಗಳಲ್ಲಂತೂ ಹಗಲೆಲ್ಲ ಕಾದ ಬಂಡೆಗಳು ಕತ್ತಲಾದ ಮೇಲೂ ಬಹಳ ಹೊತ್ತು ಧಗೆ ಬಿಡುತ್ತವೆ. ಅಂಥ ಹೊತ್ತಿನಲ್ಲಿ ಫ್ಯಾನು ನಿಂತರೆ ಗೋಡೆಯ ರೆಗ್ಯುಲೇಟರೇ ಕೆಟ್ಟಿತೆಂದು ತಿಳಿದು ಪೇಟೆಯಿಂದ ಹೊಸದನ್ನು ತಂದು ಹಾಕುವವರು ಬಹಳ. ಎಷ್ಟೋ ಸಲ ಹಣ ಹೋಗುತ್ತದೆ, ಫ್ಯಾನು ತಿರುಗುವುದಿಲ್ಲ. ಇದಕ್ಕಿಂತ ದೊಡ್ಡ ಮಾತೆಂದರೆ, ಕರೆಂಟು ಇಲ್ಲವೆಂದು ನಂಬಿ ಬೋರ್ಡಿಗೆ ಕೈ ಹಾಕಿದವರ ಪ್ರಾಣಕ್ಕೇ ಸಂಚಕಾರ ಬರಬಹುದು.

ಬೇಸಾಯ ಕಲಿತು ಬಂದ ಗ್ರಾಮಸೇವಕನಿಗೆ ಫ್ಯಾನಿನ ಗೊಡವೆ ಏಕೆಂದು ಕೆಲವರು ಕೇಳಿಯಾರು. ಪಂಪುಸೆಟ್ಟಿನ ಸ್ಟಾರ್ಟರು ಬಿಚ್ಚುವ ಕೈಯೇ ಮನೆಯ ಸ್ವಿಚ್ಚುಬೋರ್ಡನ್ನೂ ಬಿಚ್ಚುತ್ತದೆ. ರೋಗ ಯಾವುದೆಂದು ತಿಳಿಯದೆ ಬೆಳೆಗೆ ಔಷಧಿ ಹೊಡೆಯಬೇಡಿರೆಂದು ನಾವು ಹೇಳುತ್ತೇವಷ್ಟೆ. ಇಲ್ಲಿಯೂ ಅದೇ ಮಾತು.

ಮೊದಲು ಕರೆಂಟಿನ ದಾರಿ ತಿಳಿಯಿರಿ. ಮನೆಗೆ ಬರುವ ಎರಡು ತಂತಿಗಳಲ್ಲಿ ಒಂದು ಫೇಸು, ಇನ್ನೊಂದು ನ್ಯೂಟ್ರಲ್. ಫೇಸಿನಲ್ಲಿ ೨೩೦ ವೋಲ್ಟಿನ ಒತ್ತಡ ಇರುತ್ತದೆ. ಅದು ಸ್ವಿಚ್ಚಿಗೆ ಬಂದು, ಅಲ್ಲಿಂದ ರೆಗ್ಯುಲೇಟರಿಗೆ ಹೋಗಿ, ಆಮೇಲೆ ಫ್ಯಾನನ್ನು ಸೇರಬೇಕು. ನ್ಯೂಟ್ರಲ್ ತಂತಿ ನೇರವಾಗಿ ಫ್ಯಾನಿಗೆ ಹೋಗುತ್ತದೆ. ಕಾಲುವೆಯ ತೂಬು ಸ್ವಿಚ್ಚಾದರೆ, ಗದ್ದೆಯ ಬದುವಿನ ಮಡೆಯೇ ರೆಗ್ಯುಲೇಟರು. ತೂಬು ಮುಚ್ಚಿದ್ದರೆ ಮಡೆ ಎಷ್ಟು ತೆರೆದರೂ ನೀರು ಬಾರದು.

ಈಗ ಅಪಾಯದ ಸಂಗತಿ. ಇದನ್ನು ಲಕ್ಷ್ಯವಿಟ್ಟು ಓದಿರಿ. ಹಳೆಯ ಮಾಳಿಗೆ ಮನೆಗಳಲ್ಲಿ, ಒಬ್ಬೊಬ್ಬರು ಒಂದೊಂದು ಕಾಲಕ್ಕೆ ತಂತಿ ಎಳೆದ ಕಡೆಗಳಲ್ಲಿ, ಸ್ವಿಚ್ಚನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲಿಗೆ ಹಾಕಿರುವುದುಂಟು. ಅಲ್ಲಿ ಸ್ವಿಚ್ಚು ಆರಿಸಿದರೆ ಫ್ಯಾನು ನಿಲ್ಲುವುದೇನೋ ನಿಜ. ಆದರೆ ಫ್ಯಾನಿನ ತಂತಿಯಲ್ಲಿ ಪೂರಾ ಕರೆಂಟು ಕಾದು ಕುಳಿತಿರುತ್ತದೆ. ಆದ್ದರಿಂದ ಸ್ವಿಚ್ಚು ಆರಿಸಿದ್ದೇನೆಂದು ನಂಬಿ ಕೈ ಹಾಕಕೂಡದು. ಮೇನ್ ಸ್ವಿಚ್ಚನ್ನೇ ಇಳಿಸಬೇಕು; ಹಳೆಯ ಮನೆಯಾದರೆ ಫ್ಯೂಜನ್ನೂ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಬೇಕು.

ಕರೆಂಟು ಹೋಗಿರುವ ಹೊತ್ತೇ ಅನುಕೂಲವೆಂದು ಕೆಲಸಕ್ಕೆ ಇಳಿಯುವುದು ಇನ್ನೂ ಕೆಟ್ಟ ಅಭ್ಯಾಸ. ಹೋದ ಕರೆಂಟು ಹೇಳಿ ಕೇಳಿ ಬರುವುದಿಲ್ಲ. ಮನೆಯಲ್ಲಿ ಯು.ಪಿ.ಎಸ್. ಇದ್ದರೆ ಮೇನ್ ಇಳಿಸಿದ ಮೇಲೂ ಬ್ಯಾಟರಿಯಿಂದ ಅದೇ ಒತ್ತಡದ ಕರೆಂಟು ಫ್ಯಾನಿನ ತಂತಿಗೆ ಹರಿಯುತ್ತಿರುತ್ತದೆ. ಅದನ್ನೂ ಆರಿಸಿರಿ. ಬಳಿಕ ಟೆಸ್ಟರು ಹಿಡಿದು ನೋಡಿರಿ. ಆದರೆ ಆ ಟೆಸ್ಟರು ಸರಿಯಾಗಿದೆಯೇ ಎಂದು ಮೇನ್ ಇಳಿಸುವ ಮೊದಲೇ ಕರೆಂಟಿರುವ ಪ್ಲಗ್ಗಿನಲ್ಲಿ ಪರೀಕ್ಷಿಸಿರಬೇಕು. ಕೆಟ್ಟ ಟೆಸ್ಟರು ಎಲ್ಲ ಕಡೆಯೂ ಕರೆಂಟು ಇಲ್ಲವೆಂದೇ ಹೇಳುತ್ತದೆ. ಕೆಂಪು ತಂತಿ ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್ ಎಂಬುದು ನಮ್ಮಲ್ಲಿ ರೂಢಿ. ಕೆಲಸ ಮಾಡಿದವರು ಕೈಗೆ ಸಿಕ್ಕಿದ ಬಣ್ಣ ಎಳೆದಿದ್ದರೆ ಏನು ಮಾಡುವಿರಿ? ಬಣ್ಣವನ್ನು ನಂಬಬೇಡಿರಿ.

ಇನ್ನು ರೋಗ ಹಿಡಿಯುವ ಬಗೆ. ಫ್ಯಾನು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಉದ್ದ ಕೋಲಿನಿಂದ ರೆಕ್ಕೆಯನ್ನು ಮೆಲ್ಲನೆ ತಳ್ಳಿದರೆ ತಿರುಗತೊಡಗುತ್ತದೆ. ಇದು ರೆಗ್ಯುಲೇಟರಿನ ದೋಷವಲ್ಲ, ಫ್ಯಾನಿನ ಮೇಲಿನ ಬಟ್ಟಲಿನೊಳಗಿರುವ ಕೆಪ್ಯಾಸಿಟರಿನದು. ಕಂಡೆನ್ಸರ್ ಎಂದು ಕೇಳಿದರೂ ಅಂಗಡಿಯವರು ಕೊಡುತ್ತಾರೆ. ಸಾಮಾನ್ಯವಾಗಿ ಅದು ೨.೫ ಮೈಕ್ರೋಫ್ಯಾರಡಿನದು, ಹಳೆಯದರ ಮೇಲೆ ಬರೆದಿರುವ ಅಂಕಿ ನೋಡಿ ಅಷ್ಟರದ್ದೇ ತನ್ನಿರಿ. ಪೂರಾ ಜೋರಿಗೆ ಇಟ್ಟರೂ ವರ್ಷದಿಂದ ವರ್ಷಕ್ಕೆ ಫ್ಯಾನು ಮಂದವಾಗುತ್ತಿದ್ದರೂ ಬಹಳ ಸಲ ಕಾರಣ ಇದೇ. ಮೇನ್ ಇಳಿಸಿ ಕೈಯಿಂದ ತಿರುಗಿಸಿದಾಗ ರೆಕ್ಕೆ ಬಿಗಿಯಾಗಿದ್ದರೆ ಮಾತ್ರ ಬೇರಿಂಗ್ ನೋಡಿಸಬೇಕು.

ಗುಂಡಿ ಯಾವ ಅಂಕಿಗೆ ತಿರುಗಿಸಿದರೂ ಫ್ಯಾನು ಒಂದೇ ಜೋರಿನಲ್ಲಿ ಓಡುತ್ತದೆಯೇ? ಅಥವಾ ೨ರಲ್ಲಿ ನಿಂತು ೩ರಲ್ಲಿ ಓಡುತ್ತದೆಯೇ? ಹಾಗಾದರೆ ರೆಗ್ಯುಲೇಟರೇ ಕೆಟ್ಟಿದೆ. ಸಂಡೂರಿನ ಅದಿರು ಲಾರಿಗಳ ದಾರಿಯ ಊರುಗಳಲ್ಲಿ ಕೆಂಪು ಧೂಳು ಬೋರ್ಡಿನೊಳಗೂ ಕೂರುತ್ತದೆ. ಗದ್ದೆ ಬದಿಯ ಕಂಪ್ಲಿ ಕಡೆಯ ಮನೆಗಳಲ್ಲಿ ಮಳೆಗಾಲಕ್ಕೆ ಗೋಡೆ ತೇವ ಹಿಡಿಯುತ್ತದೆ. ಇರುವೆ, ಹಲ್ಲಿಗಳ ಕಾಟವಂತೂ ಎಲ್ಲ ಊರಿನದು. ತೇವದ ಗೋಡೆಯ ಬೋರ್ಡು ಮುಟ್ಟಿದಾಗ ಜುಂ ಎಂದರೆ ಫ್ಯಾನಿನ ಮಾತು ಬಿಟ್ಟು ಮೊದಲು ಮೇನ್ ಇಳಿಸಿರಿ.

ಫ್ಯಾನು ಸದ್ದೇ ಮಾಡದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಮೇಲೆ ಹೇಳಿದಂತೆ ಕರೆಂಟು ಪೂರಾ ನಿಲ್ಲಿಸಿ, ರೆಗ್ಯುಲೇಟರಿನ ಎರಡೂ ತಂತಿಗಳನ್ನು ಬಿಚ್ಚಿ, ಅವೆರಡನ್ನೂ ಒಂದಕ್ಕೊಂದು ಬಿಗಿಯಾಗಿ ಸೇರಿಸಿ ಟೇಪು ಸುತ್ತಿರಿ. ಬೋರ್ಡನ್ನು ಗೋಡೆಗೆ ಕೂರಿಸಿ, ಆಮೇಲೆ ಮೇನ್ ಏರಿಸಿ ಫ್ಯಾನಿನ ಸ್ವಿಚ್ಚು ಹಾಕಿರಿ. ಫ್ಯಾನು ಪೂರಾ ಜೋರಿನಲ್ಲಿ ತಿರುಗಿದರೆ ರೆಗ್ಯುಲೇಟರು ಬದಲಿಸಬೇಕು. ತಿರುಗದಿದ್ದರೆ ಹೊಸದಕ್ಕೆ ಹಣ ಹಾಕಬೇಡಿರಿ. ಸ್ವಿಚ್ಚಿನ ತಿರುಪು ಸಡಿಲವಾಗಿದೆಯೇ, ಫ್ಯಾನಿನ ಮೇಲಿನ ಜೋಡಣೆಯಲ್ಲಿ ತಂತಿ ಕಿತ್ತಿದೆಯೇ ನೋಡಿರಿ. ಮನೆಯ ದೀಪಗಳೂ ಮಂಕಾಗಿದ್ದರೆ, ಅಥವಾ ದೀಪ ಒಮ್ಮೆ ಮಂಕಾಗಿ ಒಮ್ಮೆ ಕಣ್ಣು ಕುಕ್ಕುವಂತೆ ಉರಿದರೆ, ದೋಷ ಮನೆಯ ಒಳಗಿನದಲ್ಲದೆ ಲೈನಿನದೂ ಆಗಿರಬಹುದು. ೨೦೨೧ರಲ್ಲಿ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ ಸೇರಿ, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆದರೆ ಎರಡೂ ಕಡೆಯ ಲೈನು ಜೆಸ್ಕಾಂನದೇ. ಮೇನ್ ಇಳಿಸಿ ೧೯೧೨ಕ್ಕೆ ಫೋನು ಮಾಡಿರಿ. ಕಂಬ ಹತ್ತುವ ಸಾಹಸ ಯಾರಿಗೂ ಬೇಡ.

ಹೊಸ ರೆಗ್ಯುಲೇಟರು ಹಾಕುವುದು ಕಷ್ಟದ ಕೆಲಸವೇನಲ್ಲ. ಸ್ವಿಚ್ಚಿನಿಂದ ಬಂದ ತಂತಿ ಒಂದು ತಿರುಪಿಗೆ, ಫ್ಯಾನಿಗೆ ಹೋಗುವ ತಂತಿ ಇನ್ನೊಂದಕ್ಕೆ. ಗುರುತು ಬರೆದಿದ್ದರೆ ಅದರಂತೆಯೇ ಹಾಕಿರಿ. ಅದೇ ಬೋರ್ಡಿನಲ್ಲಿ ಪ್ಲಗ್ಗಿಗಾಗಿ ಬಂದ ನ್ಯೂಟ್ರಲ್ ತಂತಿಯೂ ಇರುತ್ತದೆ. ಅದನ್ನು ತಪ್ಪಿ ರೆಗ್ಯುಲೇಟರಿಗೆ ಕೊಟ್ಟರೆ ಹೊಸದು ಆ ಕ್ಷಣವೇ ಸುಟ್ಟೀತು. ತಾಮ್ರದ ಎಳೆ ತಿರುಪಿನಿಂದ ಹೊರಗೆ ಕಾಣಕೂಡದು.

ಕರಿಯ ಡಬ್ಬಿಯಂಥ ಹಳೆಯ ರೆಗ್ಯುಲೇಟರು ಇನ್ನೂ ಇದ್ದರೆ, ಕೆಡದಿದ್ದರೂ ಬದಲಿಸುವುದು ಲೇಸೆಂದು ನನ್ನ ಅಭಿಪ್ರಾಯ. ಅದರೊಳಗಿನ ಸುರುಳಿ ತಂತಿ ಕರೆಂಟನ್ನು ಬಿಸಿ ಮಾಡಿ ಕಳೆಯುತ್ತದೆ. ಫ್ಯಾನು ಮೆಲ್ಲಗೆ ತಿರುಗಿದರೂ ಉಳಿತಾಯ ಅಷ್ಟಕ್ಕಷ್ಟೆ. ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಈ ನಷ್ಟ ಬಹಳ ಕಡಿಮೆ. ೭೫ ವಾಟಿನ ಸಾಮಾನ್ಯ ಫ್ಯಾನು ಪೂರಾ ಜೋರಿನಲ್ಲಿ ೧೩ ಗಂಟೆ ತಿರುಗಿದರೆ ಸುಮಾರು ಒಂದು ಯೂನಿಟ್ಟು. ಈಚೆಗೆ ಬಂದಿರುವ ೩೦ ವಾಟಿನ ಬಿ.ಎಲ್.ಡಿ.ಸಿ. ಫ್ಯಾನು ಅಷ್ಟರಲ್ಲೇ ೩೩ ಗಂಟೆ ತಿರುಗುತ್ತದೆ. ಆದರೆ ರಿಮೋಟಿನಿಂದ ನಡೆಯುವ ಇಂಥ ಫ್ಯಾನು ಕೊಂಡವರು ಗೋಡೆಯ ರೆಗ್ಯುಲೇಟರನ್ನು ತೆಗೆಸಿ ನೇರ ಲೈನು ಕೊಡಿಸಬೇಕು, ಇಲ್ಲವಾದರೆ ಒಳಗಿನ ಎಲೆಕ್ಟ್ರಾನಿಕ್ ಭಾಗ ಕೆಡುವ ಸಂಭವವಿದೆ.

ಫ್ಯಾನು, ಸ್ವಿಚ್ಚು, ಫ್ಯೂಜುಗಳನ್ನು ಇದ್ದಂತೆಯೇ ಬದಲಿಸಲು ೧೯೫೬ರ ಭಾರತೀಯ ವಿದ್ಯುತ್ ನಿಯಮಗಳಲ್ಲೂ ಅವುಗಳ ಸ್ಥಾನಕ್ಕೆ ಬಂದ ಈಚಿನ ನಿಯಮಗಳಲ್ಲೂ ಅಡ್ಡಿಯಿಲ್ಲ. ಹೊಸ ಲೈನು ಎಳೆಯುವುದು, ನ್ಯೂಟ್ರಲಿನಲ್ಲಿರುವ ಸ್ವಿಚ್ಚನ್ನು ಫೇಸಿಗೆ ತರುವುದು ಲೈಸೆನ್ಸು ಇರುವ ಕಂಟ್ರಾಕ್ಟರರ ಕೆಲಸ. ಅವರು ಬಂದ ದಿನವೇ ೩೦ ಮಿಲಿಆಂಪಿಯರಿನ ಲೀಕೇಜ್ ಬ್ರೇಕರನ್ನೂ ಹಾಕಿಸಿಕೊಳ್ಳಿರಿ, ಮತ್ತು ಅದರ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿರಿ.