ಚಕ್ರದ ಮನೆಯ ಮೆಟ್ಟಲುಗಳು

ದಿನವೂ ಹತ್ತಿ ಇಳಿಯುವ ಮೆಟ್ಟಲುಗಳನ್ನು ನಾವು ಕಣ್ಣಿಟ್ಟು ನೋಡುವುದು ಅಪೂರ್ವ. ಮೊದಲಿನ ಒಂದೆರಡು ಮೆಟ್ಟಲುಗಳ ಮೇಲೆ ದೃಷ್ಟಿ ಹಾಯುತ್ತದೆ. ಅಷ್ಟರಲ್ಲಿ ಅವುಗಳ ಎತ್ತರವೆಷ್ಟು, ಅಗಲವೆಷ್ಟು ಎಂಬುದನ್ನು ಕಾಲು ಗ್ರಹಿಸಿಬಿಡುತ್ತದೆ. ಅಲ್ಲಿಂದ ಮುಂದೆ ಕಣ್ಣಿಗೆ ಹೆಚ್ಚು ಕೆಲಸವಿಲ್ಲ. ಮಾತನಾಡುತ್ತಲೋ ಕೈಯಲ್ಲಿ ಪಾತ್ರೆ ಹಿಡಿದುಕೊಂಡೋ ಸರಾಗವಾಗಿ ಇಳಿದುಬಿಡುತ್ತೇವೆ. ಈ ಸರಾಗಕ್ಕೆ ಆಧಾರ ಒಂದೇ: ಮುಂದಿನ ಮೆಟ್ಟಲು ಹಿಂದಿನದರಂತೆಯೇ ಇರುತ್ತದೆಂಬ ನಂಬಿಕೆ.

ಈ ನಂಬಿಕೆ ಹುಸಿಯಾದಾಗ ಆಗುವ ಹಾನಿ ಅಲ್ಪವಲ್ಲ. ಬೀಳುವುದರಿಂದ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಂದಾಜು ಮಾಡಿತು. ಮೆಟ್ಟಲುಗಳ ಮೇಲೆ ಪೆಟ್ಟುತಿಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುವವರ ಸಂಖ್ಯೆ ಅಮೆರಿಕ ಸಂಯುಕ್ತ ಸಂಸ್ಥಾನವೊಂದರಲ್ಲಿಯೇ ವರ್ಷಕ್ಕೆ ಹತ್ತು ಲಕ್ಷವನ್ನು ಮೀರುತ್ತದೆ. ಇಂಥ ಅಪಘಾತಗಳಿಗೆ ಬಿದ್ದವರ ಅಜಾಗರೂಕತೆಯೇ ಕಾರಣವೆಂದು ಹೇಳಿ ಸುಮ್ಮನಾಗುವುದು ರೂಢಿ. ಈ ರೂಢಿಯ ಮಾತು ಎಷ್ಟರಮಟ್ಟಿಗೆ ನಿಜ? ಇದನ್ನು ಪರೀಕ್ಷಿಸಲು ಆ ದೇಶದಲ್ಲಿಯೇ ಬಹುವಾಗಿ ಬಳಕೆಯಲ್ಲಿರುವ ಒಂದು ವಿಶೇಷ ಬಗೆಯ ಮೆಟ್ಟಲನ್ನು ತೆಗೆದುಕೊಳ್ಳೋಣ: ಪ್ರವಾಸಿ ಟ್ರೇಲರಿನ ಬಾಗಿಲಿನ ಮೆಟ್ಟಲು.

ನಿಂತಲ್ಲಿ ಬೇರೆಯಾಗುವ ಮೆಟ್ಟಲು

ಮೋಟಾರುಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆಯೇ ಪ್ರವಾಸಿ ಟ್ರೇಲರು. ಮಂಚ, ಒಲೆ, ನೀರಿನ ತೊಟ್ಟಿ, ಸ್ನಾನದ ಕೋಣೆ ಎಲ್ಲವೂ ಅದರೊಳಗಿರುತ್ತವೆ. ಅಮೆರಿಕದಲ್ಲಿಯೂ ಕೆನಡಾದಲ್ಲಿಯೂ ಅನೇಕ ಕುಟುಂಬಗಳು, ವಿಶೇಷವಾಗಿ ನಿವೃತ್ತರಾದ ದಂಪತಿಗಳು, ತಿಂಗಳುಗಟ್ಟಲೆ ಇದರಲ್ಲಿಯೇ ಸಂಚರಿಸುವುದುಂಟು. ಈ ಮನೆ ಅಚ್ಚು, ಗಾಲಿ ಮತ್ತು ಸ್ಪ್ರಿಂಗುಗಳ ಮೇಲೆ ಕುಳಿತಿರುವುದರಿಂದ ಅದರ ನೆಲಹಾಸು ಭೂಮಿಯಿಂದ ಬಹಳ ಮೇಲಿರುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಆ ಎತ್ತರವನ್ನು 80 ಸೆಂಟಿಮೀಟರೆಂದು ಇಟ್ಟುಕೊಳ್ಳೋಣ. ಬಾಗಿಲಿನ ಕೆಳಗೆ ಮಡಿಸಿಟ್ಟಿರುವ ಮೂರು ಲೋಹದ ಮೆಟ್ಟಲುಗಳನ್ನು ಹೊರಕ್ಕೆ ಬಿಡಿಸಿದರೆ ಈ ಎತ್ತರ 20 ಸೆಂಟಿಮೀಟರುಗಳ ನಾಲ್ಕು ಸಮಭಾಗಗಳಾಗುತ್ತದೆ.

ಮನೆಯ ಮೆಟ್ಟಲಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಮನೆಯ ಮೆಟ್ಟಲು ಕಟ್ಟಿದಂತೆ ನಿಲ್ಲುತ್ತದೆ. ಟ್ರೇಲರಿನ ಮೆಟ್ಟಲು ಬೀಡುಬಿಟ್ಟ ಪ್ರತಿ ಸ್ಥಳದಲ್ಲಿಯೂ ಹೊಸದಾಗುತ್ತದೆ, ಏಕೆಂದರೆ ಅದರ ಕೊನೆಯ ಹೆಜ್ಜೆ ಬೀಳುವುದು ಆಯಾ ಸ್ಥಳದ ನೆಲದ ಮೇಲೆ. ಮೆಟ್ಟಲುಗಳ ಮೇಲಿನ ಅಪಘಾತಗಳಲ್ಲಿ ಹೆಚ್ಚಿನವು ಮೊದಲಿನ ಅಥವಾ ಕೊನೆಯ ಎರಡು ಮೂರು ಮೆಟ್ಟಲುಗಳಲ್ಲಿ ನಡೆಯುತ್ತವೆಂಬುದು ಪರಿಶೀಲನೆಯಿಂದ ತಿಳಿದುಬಂದಿದೆ. ಟ್ರೇಲರಿನಲ್ಲಿರುವುದಾದರೋ ಮೊದಲಿನ ಮತ್ತು ಕೊನೆಯ ಮೆಟ್ಟಲುಗಳು ಮಾತ್ರ; ನಡುವಿನವು ಇಲ್ಲವೇ ಇಲ್ಲ!

ಸೆಕೆಂಡಿನ ಹತ್ತನೆಯ ಒಂದು ಭಾಗ

ಮೆಟ್ಟಲೊಂದು ನಿರೀಕ್ಷಿಸಿದ್ದಕ್ಕಿಂತ 5 ಸೆಂಟಿಮೀಟರು ಕೆಳಗಿದೆಯೆಂದು ಭಾವಿಸೋಣ. ಇಳಿಯುವವನ ಕಾಲು ತಾನು ಎಣಿಸಿದ್ದ ಜಾಗದಲ್ಲಿ ನೆಲವನ್ನು ಕಾಣುವುದಿಲ್ಲ. ಅಲ್ಲಿಂದ ಮುಂದೆ ದೇಹ ಬಹುಮಟ್ಟಿಗೆ ನಿರಾಧಾರವಾಗಿ ಬೀಳುತ್ತದೆ. ಬೀಳುವ ವಸ್ತು ಕ್ರಮಿಸುವ ದೂರವು ಗುರುತ್ವ ವೇಗೋತ್ಕರ್ಷದ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದಷ್ಟು ಎಂಬ ಸೂತ್ರವನ್ನು ವಿದ್ಯಾರ್ಥಿಗಳು ಬಲ್ಲರು. ಅದರಂತೆ 5 ಸೆಂಟಿಮೀಟರು ಬೀಳಲು ಬೇಕಾಗುವ ಕಾಲ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ. ದೇಹಕ್ಕೆ ಮೊದಲೇ ಕೆಳಮುಖವಾದ ವೇಗವಿರುವುದರಿಂದ ನಿಜವಾದ ಕಾಲ ಇನ್ನೂ ಕಡಮೆ.

ಅಪಾಯವನ್ನು ಅರಿತು ಸ್ನಾಯುಗಳನ್ನು ಬೇಕಾದಂತೆ ಆಡಿಸಲು ಮನುಷ್ಯನಿಗೆ ಸಾಮಾನ್ಯವಾಗಿ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ವೃದ್ಧರಿಗೆ ಅದಕ್ಕಿಂತ ಹೆಚ್ಚು ಬೇಕು. ಎಂದರೆ ಮೆದುಳಿನ ಅಪ್ಪಣೆ ಕಾಲಿಗೆ ತಲುಪುವುದರೊಳಗಾಗಿ ಕಾಲು ನೆಲವನ್ನು ಅಪ್ಪಳಿಸಿಯಾಗಿರುತ್ತದೆ. ಮಂಡಿ ಅದಕ್ಕೆ ಸಿದ್ಧವಾಗಿರುವುದಿಲ್ಲ. ಗುರುತ್ವಕೇಂದ್ರ ಪಾದಕ್ಕಿಂತ ಮುಂದೆ ಸರಿದಿರುತ್ತದೆ. ಎಷ್ಟೇ ಜಾಗರೂಕನಾದವನೂ ಈ ಲೆಕ್ಕವನ್ನು ಮೀರಲಾರ. ಅಮೆರಿಕದ ಮನೆಗಳಿಗಾಗಿ ರಚಿತವಾದ ಕಟ್ಟಡದ ನಿಯಮಾವಳಿಯಲ್ಲಿ, ಒಂದು ಸಾಲಿನ ಅತಿ ಎತ್ತರದ ಮೆಟ್ಟಲಿಗೂ ಅತಿ ತಗ್ಗಿನ ಮೆಟ್ಟಲಿಗೂ 9.5 ಮಿಲಿಮೀಟರಿಗಿಂತ ಹೆಚ್ಚು ಅಂತರವಿರಕೂಡದೆಂದು ವಿಧಿಸಿರುವುದು ಈ ಕಾರಣದಿಂದಲೇ. ಅಂತರವು ಕಿರುಬೆರಳಿನ ದಪ್ಪವನ್ನು ಮೀರಬಾರದೆಂದು ಇದರ ಅರ್ಥ.

ಮನೆ ಸಮವಾದರೆ ಮೆಟ್ಟಲು ವಿಷಮ

ಈಗ ಟ್ರೇಲರನ್ನು ಇಳಿಜಾರಾದ ನೆಲದಲ್ಲಿ ನಿಲ್ಲಿಸೋಣ. ಬಾಗಿಲಿರುವ ಪಕ್ಕ ತಗ್ಗಿನ ಕಡೆಗಿದೆ. ನೆಲ ಪ್ರತಿ 100 ಸೆಂಟಿಮೀಟರಿಗೆ 4 ಸೆಂಟಿಮೀಟರಿನಂತೆ ಇಳಿಯುತ್ತದೆ. ಕಣ್ಣಿಗೆ ಇದು ಇಳಿಜಾರೆಂದೇ ತೋರದು. ಆದರೆ ಒಳಗೆ ಮಲಗುವವರಿಗೂ ಒಲೆಯ ಮೇಲಿನ ಪಾತ್ರೆಗೂ ನೆಲ ಸಮವಾಗಿರಬೇಕು. ಆದುದರಿಂದ ರಸಮಟ್ಟವನ್ನಿಟ್ಟು ನೋಡಿ, ತಗ್ಗಿನ ಕಡೆಯ ಗಾಲಿಗಳ ಕೆಳಗೆ ಹಲಗೆಗಳನ್ನು ಕೊಟ್ಟು ಎತ್ತರಿಸುತ್ತಾರೆ. ಎರಡು ಪಕ್ಕದ ಗಾಲಿಗಳ ನಡುವಣ ದೂರ 2 ಮೀಟರಾದರೆ 8 ಸೆಂಟಿಮೀಟರು ಎತ್ತರಿಸಬೇಕಾಗುತ್ತದೆ.

ಇದರಿಂದ ಬಾಗಿಲೂ ಅದರೊಡನೆ ಮೆಟ್ಟಲುಗಳೂ 8 ಸೆಂಟಿಮೀಟರು ಮೇಲೇರಿದುವು. ಗಾಲಿಯಿಂದ ಮೆಟ್ಟಲಿನ ಬುಡದವರೆಗೆ ನೆಲ ಇನ್ನೂ 2 ಸೆಂಟಿಮೀಟರು ಇಳಿದಿರುತ್ತದೆ. ಮೇಲಿನ ಮೂರು ಎತ್ತರಗಳು 20 ಸೆಂಟಿಮೀಟರಾಗಿಯೇ ಉಳಿದು, ಕೊನೆಯದು ಮಾತ್ರ 30 ಸೆಂಟಿಮೀಟರಾಯಿತು! ಮೂರು ಹೆಜ್ಜೆ ಒಂದು ಪಾಠವನ್ನು ಕಲಿತ ಕಾಲಿಗೆ ನಾಲ್ಕನೆಯ ಹೆಜ್ಜೆ ಬೇರೆ ಪಾಠವನ್ನು ಒಪ್ಪಿಸುತ್ತದೆ. ಮನೆಯನ್ನು ಸಮಗೊಳಿಸಿದ ಕಾರ್ಯವೇ ಮೆಟ್ಟಲುಗಳ ಸಮತೆಯನ್ನು ಕೆಡಿಸಿತೆಂಬುದು ಗಮನಾರ್ಹ.

ಪರಿಹಾರ ಸರಳವಾದುದು. ಬೀಡುಬಿಟ್ಟ ಕೂಡಲೇ ಕೊನೆಯ ಎತ್ತರವನ್ನು ಅಳೆದು, ಹೆಚ್ಚಾಗಿರುವಷ್ಟು ಎತ್ತರದ, ಎರಡು ಪಾದಗಳೂ ಧಾರಾಳವಾಗಿ ಊರಬಲ್ಲ ಭದ್ರವಾದ ಮಣೆಯೊಂದನ್ನು ಬುಡದಲ್ಲಿರಿಸಬೇಕು. ಮೇಲೆ ಅಗಲವಾಗಿದ್ದು ಕೆಳಗೆ ಕಾಲುಗಳು ಒಳಸರಿದಿರುವ ಸ್ಟೂಲು ಇದಕ್ಕೆ ತಕ್ಕುದಲ್ಲ. ಕಾಲುಗಳ ಎಲ್ಲೆಯನ್ನು ದಾಟಿದ ಅಂಚಿನ ಮೇಲೆ ತೂಕ ಬಿದ್ದೊಡನೆ ಅದು ಮಗುಚಿಕೊಳ್ಳುತ್ತದೆ. ಈಚಿನ ಕೆಲವು ಟ್ರೇಲರುಗಳಲ್ಲಿ ಮೆಟ್ಟಲಿನ ಸಾಲು ಬಾಗಿಲಿನಿಂದ ಇಳಿದು, ಉದ್ದ ಹೊಂದಿಸಬಲ್ಲ ಕಾಲುಗಳ ಮೂಲಕ ನೆಲದ ಮೇಲೆಯೇ ಊರಿ ನಿಲ್ಲುತ್ತದೆ. ಇದು ಉತ್ತಮವಾದ ಏರ್ಪಾಡು.

ಸನ್ನೆಕೋಲಾಗುವ ಮನೆ

ನೆಲಕ್ಕೆ ಊರದೆ ಟ್ರೇಲರಿನ ಚೌಕಟ್ಟಿಗೆ ತೂಗುಬಿದ್ದಿರುವ ಮೆಟ್ಟಲಿನಲ್ಲಿ ಇನ್ನೊಂದು ದೋಷವುಂಟು. ವಾಹನದ ದೇಹ ಸ್ಪ್ರಿಂಗುಗಳ ಮೇಲಿದೆ. ಮೆಟ್ಟಲು ಸ್ಪ್ರಿಂಗುಗಳಿಗಿಂತ ಬಹಳ ಹೊರಗೆ ಚಾಚಿಕೊಂಡಿದೆ. ಅದರ ಮೇಲೆ ಕಾಲಿಟ್ಟಾಗ ಇಡೀ ವಾಹನವೇ ಒಂದು ಸನ್ನೆಕೋಲಾಗಿ ಅತ್ತ ವಾಲುತ್ತದೆ. 3000 ಕಿಲೋಗ್ರಾಂ ತೂಕದ ಟ್ರೇಲರಿನ ಹೊರಗಿನ ಮೆಟ್ಟಲಿನ ಮೇಲೆ 60 ಕಿಲೋಗ್ರಾಂ ತೂಕದ ವ್ಯಕ್ತಿ ನಿಂತರೆ, ಸ್ಥೂಲವಾದ ಲೆಕ್ಕದಂತೆ, ಮೆಟ್ಟಲು ಅರ್ಧದಿಂದ ಒಂದು ಸೆಂಟಿಮೀಟರಿನವರೆಗೆ ತಗ್ಗುತ್ತದೆ. ಮಡಿಸುವ ಕೀಲುಗಳು ಸವೆದು ಸಡಿಲವಾಗಿದ್ದರೆ ಇದಕ್ಕಿಂತ ಹೆಚ್ಚು ತಗ್ಗುತ್ತದೆ. ಕಾಲನ್ನೆತ್ತಿದಾಗ ಮತ್ತೆ ಮೇಲೇಳುತ್ತದೆ.

ಹೀಗೆ ಓಲಾಡುವುದನ್ನು ತಡೆಯಲು ಟ್ರೇಲರಿನ ನಾಲ್ಕು ಮೂಲೆಗಳಲ್ಲಿಯೂ ಚಿಕ್ಕ ಜಾಕುಗಳಿರುತ್ತವೆ. ಇವು ವಾಹನವನ್ನು ಮೇಲೆತ್ತುವುದಕ್ಕಲ್ಲ, ಅಲುಗದಂತೆ ನಿಲ್ಲಿಸುವುದಕ್ಕೆ. ಮೊದಲು ಅಡ್ಡಕ್ಕೆ ಸಮಗೊಳಿಸುವುದು, ಗಾಲಿಗಳು ಉರುಳದಂತೆ ಹಿಂದೆ ಮುಂದೆ ಅಡೆ ಕೊಡುವುದು, ಎಳೆಯುವ ಗಾಡಿಯಿಂದ ಬಿಡಿಸಿ ಉದ್ದಕ್ಕೆ ಸಮಗೊಳಿಸುವುದು, ಅನಂತರ ಜಾಕುಗಳನ್ನು ಊರುವುದು, ಕೊನೆಗೆ ಮೆಟ್ಟಲನ್ನು ಬಿಡಿಸಿ ಅಳೆಯುವುದು: ಈ ಕ್ರಮ ತಪ್ಪಕೂಡದು.

ಮಳೆಯಿಲ್ಲದೆ ನೆನೆಯುವ ಲೋಹ

ಸಮನಾದ ಭದ್ರವಾದ ಮೆಟ್ಟಲಿನ ಮೇಲೂ ಕಾಲು ಜಾರಬಹುದು. ಪಾದವನ್ನು ತಡೆದು ನಿಲ್ಲಿಸುವುದು ಘರ್ಷಣೆ. ಒಣಗಿದ ಒರಟು ಮೇಲ್ಮೈಯ ಮೇಲೆ ರಬ್ಬರಿನ ಅಟ್ಟೆಗೆ ಬೇಕಾದಷ್ಟು ಘರ್ಷಣೆ ದೊರಕುತ್ತದೆ. ನಯವಾದ ಲೋಹದ ಮೇಲೆ ನೀರಿನ ತೆಳುಪೊರೆ ಹರಡಿದಾಗ ಅದು ತೀರ ಕುಗ್ಗುತ್ತದೆ. ಮಳೆ ಬಂದರೆ ಎಲ್ಲರೂ ಎಚ್ಚರಗೊಳ್ಳುತ್ತಾರೆ; ಮೋಸಮಾಡುವುದು ಇಬ್ಬನಿ. ಬಣ್ಣ ಬಳಿದ ತೆಳುಲೋಹದ ಮೆಟ್ಟಲು ರಾತ್ರಿ ತನ್ನ ಶಾಖವನ್ನು ನಿರ್ಮಲವಾದ ಆಕಾಶಕ್ಕೆ ವಿಕಿರಣದಿಂದ ಕಳೆದುಕೊಳ್ಳುತ್ತದೆ. ನೆಲಕ್ಕೆ ತಾಗದಿರುವುದರಿಂದ ಭೂಮಿಯ ಶಾಖ ಅದಕ್ಕೆ ಒದಗುವುದಿಲ್ಲ. ಸುತ್ತಣ ನೆಲ ಇನ್ನೂ ಒಣಗಿರುವಾಗಲೇ ಮೆಟ್ಟಲು ಒದ್ದೆಯಾಗಿಬಿಡುತ್ತದೆ. ಬಾಗಿಲಿನ ಮೇಲೆ ಬಟ್ಟೆಯ ಚಪ್ಪರವನ್ನು ಬಿಡಿಸಿದರೆ ಆಕಾಶ ಮರೆಯಾಗಿ ಇಬ್ಬನಿ ಕಡಮೆಯಾಗುತ್ತದೆ. ನೀರು ಸೋರಿಹೋಗುವ ತೂತುಗಳುಳ್ಳ ಒರಟು ತಗಡು, ಮರಳುಕಾಗದದಂಥ ಅಂಟುಪಟ್ಟಿ ಇವು ಘರ್ಷಣೆಯನ್ನು ಹೆಚ್ಚಿಸುತ್ತವೆ. ಬಿಗಿಯಿಲ್ಲದ ಚಾಪೆಯ ತುಂಡನ್ನು ಹಾಸುವುದು ಮಾತ್ರ ಅಪಾಯವನ್ನು ಬರಮಾಡಿಕೊಂಡಂತೆ.

ಕರ್ನಾಟಕದಿಂದ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ಹಿರಿಯರು ಇಂಥ ವಾಹನದಲ್ಲಿ ಪ್ರವಾಸ ಹೊರಡುವುದುಂಟು. ಸೀರೆಯ ಅಂಚು ಒರಟು ತಗಡಿಗೆ ಸಿಕ್ಕಿಕೊಳ್ಳಬಹುದು. ಹಿಮ್ಮಡಿಗೆ ಪಟ್ಟಿಯಿಲ್ಲದ ಹವಾಯಿ ಚಪ್ಪಲಿ ಪಾದದಿಂದ ಕಳಚಿಕೊಳ್ಳಬಹುದು. ನೆರಿಗೆಯನ್ನು ತುಸು ಎತ್ತಿ ಹಿಡಿಯುವುದೂ ಕಾಲಿಗೆ ಬಿಗಿಯಾಗಿ ನಿಲ್ಲುವ ಪಾದರಕ್ಷೆಯನ್ನು ಧರಿಸುವುದೂ ಅವರಿಗೆ ಅವಶ್ಯಕ.

ಕೈಯ ಸಾಮರ್ಥ್ಯ

ಕಾಲು ತಪ್ಪಿದಾಗ ದೇಹವನ್ನು ಉಳಿಸಬಲ್ಲುದು ಕೈ. ನೆಲದಿಂದ ಒಂದು ಮೀಟರು ಎತ್ತರದಲ್ಲಿ ಕೈ ಅಡ್ಡಲಾಗಿ ಕೇವಲ 10 ಕಿಲೋಗ್ರಾಂ ತೂಕದಷ್ಟು ಬಲವನ್ನು ಪ್ರಯೋಗಿಸಿತೆನ್ನೋಣ. ಪಾದವನ್ನು ಆಧಾರಬಿಂದುವಾಗಿಟ್ಟುಕೊಂಡರೆ ಅದರ ತಿರುಗಿಸುವ ಸಾಮರ್ಥ್ಯ 10ನ್ನು 100 ಸೆಂಟಿಮೀಟರಿನಿಂದ ಗುಣಿಸಿದಷ್ಟು, ಎಂದರೆ 1000. 60 ಕಿಲೋಗ್ರಾಂ ತೂಕದ ದೇಹದ ಗುರುತ್ವಕೇಂದ್ರ ಪಾದದಿಂದ 16 ಸೆಂಟಿಮೀಟರು ಆಚೆಗೆ ವಾಲಿದ್ದರೂ ಅದರ ಸಾಮರ್ಥ್ಯ 960 ಮಾತ್ರ. ಕೈ ಗೆದ್ದಿತು! ಆದರೆ ಕೈ ಮೊದಲೇ ಕಂಬಿಯ ಮೇಲಿರಬೇಕು. ಬೀಳತೊಡಗಿದ ಮೇಲೆ ಹುಡುಕಲು ವೇಳೆಯಿಲ್ಲವೆಂಬುದನ್ನು ಆಗಲೇ ಕಂಡಿದ್ದೇವೆ. ಕಂಬಿ ಮುಷ್ಟಿಯಲ್ಲಿ ಪೂರ್ತಿಯಾಗಿ ಹಿಡಿಯುವಷ್ಟು, ಎಂದರೆ 3ರಿಂದ 5 ಸೆಂಟಿಮೀಟರು, ದಪ್ಪವಿರಬೇಕು. ಬಾಗಿಲಿನ ಪಕ್ಕದಲ್ಲಿ ಒಂದು ಹಿಡಿ ಇದ್ದರೆ ಸಾಲದು. ಕೊನೆಯ ಮೆಟ್ಟಲಿನವರೆಗೂ ಕಂಬಿ ಕೈಗೆ ಎಟುಕುತ್ತಿರಬೇಕು.

ಟ್ರೇಲರಿನ ಬಾಗಿಲು ಸಾಮಾನ್ಯವಾಗಿ ಹೊರಕ್ಕೆ ತೆರೆಯುತ್ತದೆ. ಮೆಟ್ಟಲಿನ ಮೇಲೆ ನಿಂತು ಅದನ್ನು ಎಳೆಯುವವನು ತಾನೇ ಹಿಂದಕ್ಕೆ ಸರಿಯಬೇಕಾಗುತ್ತದೆ. ಹಿಂದೆ ಇರುವುದು ಬರಿಯ ಗಾಳಿ. ಆದುದರಿಂದ ನೆಲದ ಮೇಲೆ ನಿಂತೇ ಬಾಗಿಲು ತೆರೆದು ಅನಂತರ ಹತ್ತುವುದು ಕ್ಷೇಮ. ಮೆಟ್ಟಲಿನ ಅಗಲ ಪಾದದ ಉದ್ದಕ್ಕಿಂತ ಕಡಮೆಯಿದ್ದರೆ, ಏಣಿಯಿಂದ ಇಳಿಯುವಂತೆ ಬಾಗಿಲಿಗೆ ಮುಖಮಾಡಿ ಇಳಿಯಬೇಕು. ಆಗ ದೇಹ ಆಯತಪ್ಪಿದರೂ ವಾಲುವುದು ಮೆಟ್ಟಲಿನ ಕಡೆಗೇ. ಕೈಯಲ್ಲಿರುವ ಸಾಮಾನನ್ನು ಒಳಗಿನವರಿಗೆ ಕೊಟ್ಟು ಹತ್ತುವುದು ಲೇಸು.

ದೊಡ್ಡ ಟ್ರೇಲರುಗಳ ಒಳಗೂ ಮಲಗುವ ಕೋಣೆಗೆ ಹೋಗಲು ಎರಡು ಮೂರು ಮೆಟ್ಟಲುಗಳಿರುತ್ತವೆ. ರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದವರಿಗೆ ಅವು ಕಾಣುವಂತೆ ಸಣ್ಣ ದೀಪವೂ ಪ್ರತಿ ಅಂಚಿಗೂ ಎದ್ದುಕಾಣುವ ಬಣ್ಣದ ಪಟ್ಟಿಯೂ ಇರಬೇಕು. ಎರಡು ನೋಟದ ಕನ್ನಡಕ ಧರಿಸುವವರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಗಾಜಿನ ಕೆಳಭಾಗ ಓದುವುದಕ್ಕಾಗಿ ಮಾಡಿದುದು. ಅದರ ಮೂಲಕ ಕಾಲ ಬಳಿಯ ಮೆಟ್ಟಲು ಮಸುಕಾಗಿ ಕಾಣುತ್ತದೆ.

ಇಷ್ಟು ವಿಚಾರದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಬೀಳುವಿಕೆಯನ್ನು ತಡೆಯುವ ಕೆಲಸ ಬಹುಮಟ್ಟಿಗೆ ಹೆಜ್ಜೆಯಿಡುವುದಕ್ಕೆ ಮೊದಲೇ, ಅಳತೆಗೋಲಿನಿಂದಲೂ ರಸಮಟ್ಟದಿಂದಲೂ ನಡೆದುಹೋಗಬೇಕು. ವೃದ್ಧರೊಬ್ಬರ ತೊಡೆಯ ಮೂಳೆ ಮುರಿದ ಮೇಲೆ, ಅದರಲ್ಲಿಯೂ ಆಸ್ಪತ್ರೆಯಿಂದ ದೂರದ ಕಾಡಿನ ಬೀಡಿನಲ್ಲಿ, "ನೋಡಿ ನಡೆಯಬಾರದಾಗಿತ್ತೆ?" ಎಂದು ಕೇಳುವುದರಿಂದ ಪ್ರಯೋಜನವಿಲ್ಲ.

ಟ್ರೇಲರನ್ನು ಕಾಣದ ನಮ್ಮ ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಪ್ರಯೋಗವುಂಟು. ತಮ್ಮ ಮನೆಯ, ಶಾಲೆಯ ಅಥವಾ ವಿದ್ಯಾರ್ಥಿನಿಲಯದ ಮೆಟ್ಟಲುಗಳ ಎತ್ತರವನ್ನು ಒಂದೊಂದಾಗಿ ಮಿಲಿಮೀಟರುಗಳಲ್ಲಿ ಅಳೆದು ಬರೆದಿಡಲಿ. ಹೊಸದಾಗಿ ಕಲ್ಲು ಹಾಸಿದ ಅಂಗಳದ ಬಳಿಯ ಮೊದಲ ಮೆಟ್ಟಲನ್ನೂ ತಾರಸಿಗೆ ಸೇರುವ ಕೊನೆಯ ಮೆಟ್ಟಲನ್ನೂ ಮರೆಯದಿರಲಿ. 10 ಮಿಲಿಮೀಟರಿಗಿಂತ ಹೆಚ್ಚು ಅಂತರವಿರುವ ಮೆಟ್ಟಲೊಂದು ಸಿಕ್ಕಿದರೆ, ಎಲ್ಲರೂ ಎಡವುವ ಮೆಟ್ಟಲು ಅದೇ ಏನೆಂದು ಮನೆಯವರನ್ನು ಕೇಳಿ ನೋಡಲಿ. ಹೌದೆಂದಾದರೆ ಅದರ ಅಂಚಿಗೆ ಬಿಳಿಯ ಬಣ್ಣದ ಪಟ್ಟಿಯೊಂದನ್ನು ಅಂದೇ ಬಳಿಯಲಿ.