ಪಿಚರ್‌ನ ತೋಳು ಪಳಗುವ ಬಗೆ

ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನು ಪಿಚರ್. ಕ್ರಿಕೆಟ್ ಬೌಲರ್‌ನ ಹಾಗೆ ಅವನಿಗೆ ದೂರದಿಂದ ಓಡಿಬರುವ ಅನುಕೂಲವಿಲ್ಲ. ಹತ್ತು ಅಂಗುಲ ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತಲ್ಲಿಂದಲೇ, 18.44 ಮೀಟರ್ ಆಚೆ ಬ್ಯಾಟರ್‌ನ ಮುಂದಿರುವ ಹೋಮ್ ಪ್ಲೇಟ್‌ನ ಮೇಲೆ ಹಾದುಹೋಗುವಂತೆ ಎಸೆಯಬೇಕು. ಮಡಿಸಿದ ಮೊಣಕೈಯನ್ನು ಬಿಚ್ಚಿ ಎಸೆಯುವುದು ಕ್ರಿಕೆಟ್ಟಿನಲ್ಲಿ ತಪ್ಪು. ಇಲ್ಲಿ ಅದೇ ಎಸೆತದ ಜೀವಾಳ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಗಂಟೆಗೆ 150 ಕಿ.ಮೀ. ವೇಗದ ಎಸೆತ ಇಂದು ಮಾಮೂಲು.

ಈ ವೇಗ ತೋಳಿನಲ್ಲಿ ಹುಟ್ಟುವುದಿಲ್ಲ, ಕಾಲಿನಲ್ಲಿ ಹುಟ್ಟುತ್ತದೆ. ಹಿಂಗಾಲು ನೆಲವನ್ನು ಒತ್ತುತ್ತದೆ, ಮುಂಗಾಲು ಉದ್ದಕ್ಕೆ ಚಾಚಿ ಊರುತ್ತದೆ. ಮೊದಲು ಸೊಂಟ ತಿರುಗುತ್ತದೆ, ಅದರ ಹಿಂದೆ ಎದೆ, ಆಮೇಲೆ ಭುಜ, ಮೊಣಕೈ, ಕೊನೆಗೆ ಮಣಿಕಟ್ಟು ಮತ್ತು ಬೆರಳು. ಚಾಟಿಯ ಹಿಡಿಯಿಂದ ಹೊರಟ ಬಲ ತುದಿಗೆ ಬಂದು ಚಟೀರೆನ್ನುವ ಹಾಗೆ. ನುರಿತ ಪಿಚರ್‌ನ ಭುಜ ಆ ಗಳಿಗೆಯಲ್ಲಿ ಸೆಕೆಂಡಿಗೆ ಸುಮಾರು 7,000 ಡಿಗ್ರಿ ವೇಗದಲ್ಲಿ ತಿರುಗುತ್ತದೆ. ಮನುಷ್ಯದೇಹದ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ಸರಣಿಯಲ್ಲಿ ಒಂದು ಕೊಂಡಿ ಮುಂಚೆ ಅಥವಾ ತಡವಾಗಿ ತಿರುಗಿದರೆ ಅದರ ಪಾಲಿನ ಕೆಲಸವನ್ನೂ ತೋಳೇ ಹೊರಬೇಕಾಗುತ್ತದೆ. ಅದಕ್ಕೇ ಕೋಚ್‌ಗಳು ಎಷ್ಟೋ ಸಲ ಚೆಂಡನ್ನೇ ಕೊಡದೆ, ಕೈಗೊಂದು ಟವೆಲ್ ಕೊಟ್ಟು ಬೀಸಿಸುತ್ತಾರೆ. ಚೆಂಡಿನ ಭಾರವಿಲ್ಲದೆ ಹೆಜ್ಜೆ, ಸೊಂಟ, ಭುಜಗಳ ಲಯ ಕೂಡಿಬರಲಿ ಎಂಬುದು ಇದರ ಉದ್ದೇಶ.

ಇದು ಎಷ್ಟು ನಿಧಾನದ ವಿದ್ಯೆ ಎಂಬುದಕ್ಕೆ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅವರೇ ಉದಾಹರಣೆ. ಜಾವೆಲಿನ್ ಎಸೆಯುತ್ತಿದ್ದ ಈ ಇಬ್ಬರು ಹುಡುಗರನ್ನು 2008ರಲ್ಲಿ ಟಿ.ವಿ. ಸ್ಪರ್ಧೆಯೊಂದು ಗುರುತಿಸಿತು. ಲಾಸ್ ಏಂಜಲೀಸ್‌ನಲ್ಲಿ ಹೆಸರಾಂತ ಕೋಚ್ ಟಾಮ್ ಹೌಸ್ ಈ ಇಬ್ಬರಿಗೆ ಪಾಠ ಹೇಳಿದರು. ಅದೇ ವರ್ಷದ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಇಬ್ಬರನ್ನೂ ಸೇರಿಸಿಕೊಂಡಿತು. ಜಾವೆಲಿನ್ ಕೊಟ್ಟ ತೋಳು ಅವರಲ್ಲಿತ್ತು. ಆದರೆ ಬಾಲ್ಯದಿಂದಲೇ ಚೆಂಡು ಹಿಡಿದವರ ಎದುರು ಅಷ್ಟೇ ಸಾಲದು. ಕೆಳಹಂತದ ಮೈನರ್ ಲೀಗ್‌ಗಳಲ್ಲಿ ಆಡಿದರೂ ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ.

ಎಸೆತದ ಬಗೆಗಳನ್ನು ಕಲಿಸುವುದಕ್ಕೂ ಒಂದು ಕ್ರಮವಿದೆ. ಚೆಂಡಿನ ಹೊಲಿಗೆಯ ಮೇಲೆ ಬೆರಳು ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಅದರ ತಿರುಗುವಿಕೆ, ಅದರಿಂದ ಅದರ ದಾರಿ ನಿರ್ಧಾರವಾಗುತ್ತದೆ. ಮೊದಲು ನೇರವಾದ ಫಾಸ್ಟ್‌ಬಾಲ್ ಹದಕ್ಕೆ ಬರಬೇಕು. ನಂತರ ಚೇಂಜ್‌ಅಪ್: ತೋಳು ಅದೇ ವೇಗದಲ್ಲಿ ಬೀಸಿದರೂ ಹಿಡಿತದ ಗುಟ್ಟಿನಿಂದ ಚೆಂಡು ನಿಧಾನವಾಗಿ ಬಂದು ಬ್ಯಾಟರ್‌ನನ್ನು ಏಮಾರಿಸುತ್ತದೆ. ತಿರುವಿನ ಕರ್ವ್‌ಬಾಲ್ ಇವೆರಡೂ ಕೈಗೆ ಕೂತ ಮೇಲೆ. ಆತುರದ ಕೋಚ್‌ಗಳು ಹತ್ತು ವರ್ಷದ ಮಕ್ಕಳಿಗೆ ಕರ್ವ್‌ಬಾಲ್ ಕಲಿಸಿ ಪಂದ್ಯ ಗೆಲ್ಲುತ್ತಾರೆ, ಆದರೆ ಪಿಚರ್‌ನನ್ನು ಕಳೆದುಕೊಳ್ಳುತ್ತಾರೆ.

ಕಳೆದುಕೊಳ್ಳುವುದು ಮೊಣಕೈಯ ಒಳಬದಿಯಲ್ಲಿ. ಮೂಳೆಗೆ ಮೂಳೆ ಬಿಗಿಯುವ ಒಂದು ಪುಟ್ಟ ಅಸ್ಥಿರಜ್ಜು ಅಲ್ಲಿದೆ. ಪ್ರತಿ ಎಸೆತದಲ್ಲೂ ಅದು ಹರಿಯುವ ಅಂಚಿಗೆ ಹೋಗಿ ಬರುತ್ತದೆ. 1974ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಟಾಮಿ ಜಾನ್ ಅವರ ಎಡ ಮೊಣಕೈಯಲ್ಲಿ ಅದು ಹರಿದಾಗ, ಡಾ. ಫ್ರಾಂಕ್ ಜೋಬ್ ಬಲ ಮುಂಗೈಯಿಂದ ಸ್ನಾಯುರಜ್ಜು ತೆಗೆದು ಅಲ್ಲಿ ಕಟ್ಟಿದರು. ಒಂದು ಇಡೀ ವರ್ಷ ಆಡದೆ ಕಾದ ಜಾನ್ 1976ರಲ್ಲಿ ಮರಳಿ, 1989ರವರೆಗೆ ಆಡಿ, ಇನ್ನೂ 164 ಪಂದ್ಯ ಗೆದ್ದರು. ಶಸ್ತ್ರಚಿಕಿತ್ಸೆಗೆ ಅವರ ಹೆಸರೇ ನಿಂತಿತು. ಈಗ ಹೈಸ್ಕೂಲ್ ಹುಡುಗರೂ ಅದಕ್ಕೆ ಒಳಗಾಗುತ್ತಿದ್ದಾರೆ. ಅದೇ ದುಃಖದ ಸಂಗತಿ. 2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಪ್ರಕಟಿಸಿದ ವರದಿ ಈ ಗಾಯಗಳಿಗೆ ಮುಖ್ಯ ಕಾರಣವೆಂದು ಬೆರಳು ತೋರಿದ್ದು ವೇಗದ ಬೆನ್ನುಹತ್ತುವಿಕೆಯ ಕಡೆಗೆ.

ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಸಂಶೋಧಕರು ಗಾಯಗೊಂಡ ಹದಿಹರೆಯದ ಪಿಚರ್‌ಗಳನ್ನು ಗಾಯವಿಲ್ಲದವರ ಜೊತೆ ಹೋಲಿಸಿ ನೋಡಿದರು. ದಣಿದ ತೋಳಿನಲ್ಲೇ ಪದೇಪದೇ ಎಸೆದವರಿಗೆ ಗಾಯದ ಅಪಾಯ 36 ಪಟ್ಟು ಹೆಚ್ಚಿತ್ತು. ಹೀಗಾಗಿ ತರಬೇತಿಗೆ ಎಣಿಕೆ ಬಂತು. ಅಮೆರಿಕದಲ್ಲಿ 2014ರಿಂದ ಇರುವ ಪಿಚ್ ಸ್ಮಾರ್ಟ್ ಮಾರ್ಗಸೂಚಿಯ ಪ್ರಕಾರ 9–10 ವರ್ಷದವರು ದಿನಕ್ಕೆ 75, 11–12ರವರು 85, 13ರಿಂದ 16ರವರು 95 ಎಸೆತ ದಾಟಬಾರದು. ಹದಿನಾಲ್ಕರೊಳಗಿನ ಮಗು ಒಂದೇ ದಿನ 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ಬಿಡುವು ಕಡ್ಡಾಯ. ವರ್ಷದಲ್ಲಿ ನಾಲ್ಕು ತಿಂಗಳು ಪಿಚಿಂಗ್‌ನಿಂದಲೇ ದೂರವಿರಬೇಕೆಂದೂ ಅದು ಹೇಳುತ್ತದೆ.

ಜಪಾನ್ ಬಹುಕಾಲ ಇಂಥ ಮಿತಿಗೆ ಒಪ್ಪಲಿಲ್ಲ. ನೂರಾರು ಎಸೆತಗಳನ್ನು ಒಂದೇ ಸಮನೆ ಎಸೆದು ಮೈ ಪಳಗಿಸುವ ‘ನಗೆಕೋಮಿ’ ಅಲ್ಲಿನ ಸಂಪ್ರದಾಯ. ಕೋಶಿಯೆನ್ ಕ್ರೀಡಾಂಗಣದಲ್ಲಿ ನಡೆಯುವ ಹೈಸ್ಕೂಲ್ ಟೂರ್ನಿಯನ್ನು ಇಡೀ ದೇಶವೇ ನೋಡುತ್ತದೆ. 1998ರಲ್ಲಿ ದೈಸುಕೆ ಮತ್ಸುಝಾಕ ಅಲ್ಲಿ 17 ಇನಿಂಗ್ಸ್‌ನ ಒಂದೇ ಪಂದ್ಯದಲ್ಲಿ 250 ಎಸೆತ ಎಸೆದು ವೀರನಾದ. 2013ರ ವಸಂತದ ಟೂರ್ನಿಯಲ್ಲಿ ಹದಿನಾರು ವರ್ಷದ ತೊಮೊಹಿರೊ ಅನ್ರಾಕು ಒಟ್ಟು 772 ಎಸೆತ ಎಸೆದಾಗ ಮಾತ್ರ ಚಪ್ಪಾಳೆಯ ಜೊತೆ ಪ್ರಶ್ನೆಗಳೂ ಎದ್ದವು. ಮತ್ಸುಝಾಕ ಅವರಿಗೂ 2011ರಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾಗಿತ್ತು. ಕೊನೆಗೆ ಅಲ್ಲಿನ ಹೈಸ್ಕೂಲ್ ಬೇಸ್‌ಬಾಲ್ ಒಕ್ಕೂಟ ಒಬ್ಬ ಪಿಚರ್‌ಗೆ ವಾರಕ್ಕೆ 500 ಎಸೆತಗಳ ಮಿತಿ ಹಾಕಿತು. ಬೆಳೆಯುವ ಮೂಳೆಗೆ ಇದೂ ಹೆಚ್ಚೇ.

ಭಾರತದಲ್ಲಿ ಮಕ್ಕಳಿಗೆ ಈ ಆಟ ಕಲಿಸುವ ಶಾಲೆಗಳೂ ಕ್ಲಬ್‌ಗಳೂ ವೇಗ ಅಳೆಯುವ ಯಂತ್ರಕ್ಕೆ ದುಡ್ಡು ಹೊಂದಿಸುವ ಮೊದಲು ಒಂದು ನೋಟ್‌ಬುಕ್ ಇಡಲಿ. ಯಾವ ಮಗು, ಯಾವ ದಿನ, ಎಷ್ಟು ಎಸೆಯಿತು ಎಂದು ಅದರಲ್ಲಿ ಬರೆಯಲಿ. ‘ಕೈ ನೋಯುತ್ತಿದೆ’ ಎಂದ ಮಗುವನ್ನು ಆ ಕ್ಷಣವೇ ದಿಬ್ಬದಿಂದ ಇಳಿಸಲಿ.