ಆಟದಲ್ಲಿ ತಲೆಗೆ ಪೆಟ್ಟು: ಫಿಸಿಯೋಥೆರಪಿಸ್ಟರು ಮಾಡುವುದೇನು?

ಕ್ರಿಕೆಟ್ಟಿನ ವೀಕ್ಷಕ ವಿವರಣೆಯನ್ನು ಕೇಳುತ್ತಿರುವಾಗ, "ಫಿಸಿಯೋ ಮೈದಾನದೊಳಕ್ಕೆ ಬರುತ್ತಿದ್ದಾರೆ" ಎಂಬ ಮಾತು ನಿಮ್ಮ ಕಿವಿಗೆ ಬಿದ್ದಿರಬೇಕು. ಆಟ ನಿಲ್ಲುತ್ತದೆ, ಕಾಫಿ ತರಲು ನಾವು ಒಳಗೆ ಏಳುತ್ತೇವೆ. ಆದರೆ ಚೆಂಡು ತಗಲಿದ್ದು ತಲೆಗಾದರೆ, ಆ ಕೆಲವು ನಿಮಿಷಗಳಲ್ಲಿ ನಡೆಯುವ ಕೆಲಸ ಆ ದಿನದ ಎಲ್ಲ ಓಟಗಳಿಗಿಂತ ಮುಖ್ಯವಾದುದು.

2019ರ ಆಗಸ್ಟ್ ತಿಂಗಳಿನಲ್ಲಿ ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ನಡೆದುದನ್ನೇ ನೋಡಿ. ಆಸ್ಟ್ರೇಲಿಯದ ಸ್ಟೀವ್ ಸ್ಮಿತ್ 80 ಓಟ ಗಳಿಸಿ ಆಡುತ್ತಿದ್ದಾಗ, ಜೋಫ್ರಾ ಆರ್ಚರ್ ಎಸೆದ ಬೌನ್ಸರ್ ಅವರ ಕತ್ತಿಗೆ ಬಡಿಯಿತು. ಅವರು ನೆಲಕ್ಕುರುಳಿದರು. ಹೊರಗೆ ಪರೀಕ್ಷೆಗಳಾದವು, ಅವುಗಳಲ್ಲಿ ತೇರ್ಗಡೆಯಾಗಿ ಮತ್ತೆ ಬಂದು ಆಡಿ, 92ಕ್ಕೆ ಔಟಾದರು. ಆದರೆ ಮರುದಿನ ಬೆಳಗ್ಗೆ ತಲೆನೋವು, ಮಂಪರು ಕಾಣಿಸಿಕೊಂಡವು. ಅವರನ್ನು ಪಂದ್ಯದಿಂದ ಬಿಡಿಸಲಾಯಿತು. ಆ ತಿಂಗಳ 1ರಿಂದಷ್ಟೇ ಜಾರಿಗೆ ಬಂದಿದ್ದ ಹೊಸ ನಿಯಮದಂತೆ ಮಾರ್ನಸ್ ಲಬುಶೇನ್ ಅವರ ಬದಲಿಗೆ ಬ್ಯಾಟು ಹಿಡಿದರು. ಮುಂದಿನ ಟೆಸ್ಟಿಗೂ ಸ್ಮಿತ್ ಇಳಿಯಲಿಲ್ಲ.

ಈ ಪೆಟ್ಟಿಗೆ ವೈದ್ಯರು ಕನ್ಕಷನ್ ಎನ್ನುತ್ತಾರೆ. ನಮ್ಮ ಮೆದುಳು ತಲೆಬುರುಡೆಯೊಳಗೆ ತೆಳುವಾದ ದ್ರವದಲ್ಲಿ ತೇಲಿಕೊಂಡಿದೆ. ತಲೆಗಾಗಲಿ, ಕತ್ತಿಗಾಗಲಿ, ದೇಹಕ್ಕೇ ಆಗಲಿ ಬಲವಾದ ಏಟು ಬಿದ್ದು ತಲೆ ಜಗ್ಗಿದಾಗ ಮೆದುಳು ಒಳಗೇ ಅಲುಗುತ್ತದೆ, ತಿರುಚಿಕೊಳ್ಳುತ್ತದೆ. ನರಕೋಶಗಳ ಒಳಹೊರಗಿನ ಲವಣಗಳ ಸಮತೋಲ ಕೆಡುತ್ತದೆ. ಅದನ್ನು ಸರಿಪಡಿಸಲು ಕೋಶಗಳಿಗೆ ಹೆಚ್ಚು ಶಕ್ತಿ ಬೇಕು. ಆದರೆ ಅದೇ ಹೊತ್ತಿನಲ್ಲಿ ರಕ್ತದ ಪೂರೈಕೆ ತಗ್ಗಿರುತ್ತದೆ. ಇದು ಕೆಲಸದ ಕೆಡಕೇ ಹೊರತು ಕಣ್ಣಿಗೆ ಕಾಣುವ ಗಾಯವಲ್ಲ. ಆದುದರಿಂದಲೇ ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಇಂತಹ ಪೆಟ್ಟು ತಿಂದವರಲ್ಲಿ ಬಹುಮಂದಿಗೆ ಪ್ರಜ್ಞೆಯೂ ತಪ್ಪುವುದಿಲ್ಲ. "ಮೂರ್ಛೆ ಬೀಳಲಿಲ್ಲ, ಹಾಗಾದರೆ ಏನೂ ಆಗಿಲ್ಲ" ಎಂಬ ಮಾತು ತಪ್ಪು.

ಮೈದಾನದಲ್ಲಿ ಆಟಗಾರನ ಬಳಿಗೆ ಮೊದಲು ತಲಪುವವರು ಅನೇಕ ವೇಳೆ ಫಿಸಿಯೋಥೆರಪಿಸ್ಟರೇ. ಅವರು ಮೊದಲು ಕತ್ತಿನ ಮೂಳೆಗೆ ಅಪಾಯವಿಲ್ಲವೆಂದು ಖಚಿತಮಾಡಿಕೊಳ್ಳುತ್ತಾರೆ. ಬಳಿಕ ಕೆಲವು ಪ್ರಶ್ನೆಗಳು: ಇದು ಯಾವ ಮೈದಾನ? ಕಡೆಯ ಗೋಲು ಹೊಡೆದವರು ಯಾರು? ಹೋದ ಪಂದ್ಯದಲ್ಲಿ ಗೆದ್ದಿರೋ ಸೋತಿರೋ? ಇವಕ್ಕೆ ಮ್ಯಾಡಕ್ಸ್ ಪ್ರಶ್ನೆಗಳೆಂದು ಹೆಸರು. ಹೆಸರು, ಹುಟ್ಟಿದ ದಿನಗಳನ್ನು ಕೇಳಿದರೆ ಸಾಲದು. ಅಲುಗಿದ ಮೆದುಳೂ ಅವನ್ನು ಒಪ್ಪಿಸಬಲ್ಲದು. ತಡವರಿಸುವುದು ಈಚಿನ ನೆನಪು. ನೆಲದ ಮೇಲಿನ ಗೆರೆಯಲ್ಲಿ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಸಿ ಸಮತೋಲವನ್ನೂ ನೋಡುವುದುಂಟು. ಸಂಶಯ ಬಂದರೆ ಆ ದಿನ ಆಟ ಮುಗಿಯಿತು. ರೋಗನಿರ್ಣಯ ವೈದ್ಯರದು, ಅಲ್ಲಿಯವರೆಗೆ ಆಟಗಾರನನ್ನು ಒಂಟಿಯಾಗಿ ಬಿಡಕೂಡದು. ಮೆದುಳು ಸುಧಾರಿಸಿಕೊಳ್ಳುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ, ಅಪರೂಪವಾಗಿಯಾದರೂ, ಎಳೆಯರಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು.

ಹಿಂದೆ ಇಂಥವರನ್ನು ಕತ್ತಲೆಕೋಣೆಯಲ್ಲಿ ದಿನಗಟ್ಟಲೆ ಮಲಗಿಸುತ್ತಿದ್ದರು. ಈ ಅಭಿಪ್ರಾಯ ಬದಲಾಗಿದೆ. 2022ರಲ್ಲಿ ಆಂಸ್ಟರ್‌ಡಾಮಿನಲ್ಲಿ ಸೇರಿದ ತಜ್ಞರ ಸಭೆಯ ಸಲಹೆಯಂತೆ, ಮೊದಲ 24ರಿಂದ 48 ಗಂಟೆ ಹಗುರವಾದ ವಿಶ್ರಾಂತಿ ಸಾಕು. ಆ ಅವಧಿಯಲ್ಲಿ ಟೆಲಿವಿಷನ್, ಮೊಬೈಲುಗಳನ್ನು ಕಡಮೆ ಮಾಡಬೇಕು; ಮನೆಯ ಸುತ್ತ ನಡೆದಾಡಬಹುದು.

ಫಿಸಿಯೋಥೆರಪಿಸ್ಟರ ನಿಜವಾದ ಕೆಲಸ ಮೊದಲಾಗುವುದು ಇಲ್ಲಿಂದ. ಮೊದಲನೆಯದು ಅಳತೆಯ ವ್ಯಾಯಾಮ. ನಡೆಯುವ ಯಂತ್ರದ ಏರನ್ನು ನಿಮಿಷ ನಿಮಿಷಕ್ಕೂ ಹೆಚ್ಚಿಸುತ್ತ, ಎಷ್ಟು ನಾಡಿಬಡಿತಕ್ಕೆ ತಲೆನೋವು ಏರುತ್ತದೆಂದು ಗೊತ್ತುಮಾಡುತ್ತಾರೆ. ಅದು 150 ಆದರೆ, 120ರಿಂದ 135ರ ಒಳಗೆ ವ್ಯಾಯಾಮ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ವ್ಯಾಯಾಮ ಮಾಡಿದ ಹರೆಯದ ಆಟಗಾರರು ಸುಮಾರು 13 ದಿನಗಳಲ್ಲಿ ಚೇತರಿಸಿಕೊಂಡರು. ಮೈ ಸಡಿಲಿಸುವ ಅಭ್ಯಾಸವನ್ನಷ್ಟೆ ಮಾಡಿದವರಿಗೆ 17 ದಿನ ಹಿಡಿಯಿತು.

ಎರಡನೆಯದು ಕತ್ತು. ತಲೆ ಜಗ್ಗಿದಾಗ ಕತ್ತೂ ಉಳುಕುತ್ತದೆ. ಮೆದುಳಿನದೆಂದು ತಿಳಿದ ತಲೆನೋವು ಎಷ್ಟೋ ಸಲ ಕತ್ತಿನದಾಗಿರುತ್ತದೆ. ಮೂರನೆಯದು ಒಳಗಿವಿ. ಸಮತೋಲದ ಅಂಗ ಇರುವುದು ಅಲ್ಲಿ. ಹೆಬ್ಬೆರಳನ್ನು ಮುಖದೆದುರು ಹಿಡಿದು, ಅದರ ಮೇಲಿನ ನೋಟ ತಪ್ಪದಂತೆ ತಲೆಯನ್ನು ಅತ್ತಿತ್ತ ಆಡಿಸುವ ಅಭ್ಯಾಸ ತಲೆಸುತ್ತನ್ನು ಕ್ರಮವಾಗಿ ಇಳಿಸುತ್ತದೆ. ಕೆನಡದ ಫಿಸಿಯೋಥೆರಪಿಸ್ಟ್ ಕ್ಯಾಥರಿನ್ ಷ್ನೈಡರ್ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದರು. ತೊಂದರೆ ಬಹುದಿನ ಮಾಸದೆ ಉಳಿದಿದ್ದವರಲ್ಲಿ, ಕತ್ತು ಮತ್ತು ಒಳಗಿವಿಗಳ ಚಿಕಿತ್ಸೆ ಪಡೆದ 15 ಮಂದಿಯ ಪೈಕಿ 11 ಮಂದಿಗೆ 8 ವಾರಗಳೊಳಗೆ ಆಟಕ್ಕೆ ಅನುಮತಿ ಸಿಕ್ಕಿತು. ಸಾಮಾನ್ಯ ಉಪಚಾರದ 14 ಮಂದಿಯಲ್ಲಿ ಸಿಕ್ಕಿದ್ದು ಒಬ್ಬರಿಗೆ ಮಾತ್ರ. ಸಣ್ಣ ಅಧ್ಯಯನ ನಿಜ. ಆದರೂ ವ್ಯತ್ಯಾಸ ದೊಡ್ಡದು.

ಆಟಕ್ಕೆ ಮರಳಲು ಆರು ಮೆಟ್ಟಿಲುಗಳುಂಟು: ನಿತ್ಯದ ಓಡಾಟ, ಹಗುರ ವ್ಯಾಯಾಮ, ಒಂಟಿಯಾಗಿ ಆಟದ ಅಭ್ಯಾಸ, ಮೈತಾಗದ ತಂಡದ ಅಭ್ಯಾಸ, ಪೂರ್ಣ ಅಭ್ಯಾಸ, ಕೊನೆಗೆ ಪಂದ್ಯ. ಪ್ರತಿಯೊಂದಕ್ಕೂ ಕನಿಷ್ಠ 24 ಗಂಟೆ. ತಲೆಗೆ ಪೆಟ್ಟು ಬೀಳಬಹುದಾದ ಅಭ್ಯಾಸಕ್ಕೆ ಕಾಲಿಡುವ ಮೊದಲು ವೈದ್ಯರ ಒಪ್ಪಿಗೆ ಬೇಕು. ಮಕ್ಕಳಾದರೆ ಮೊದಲು ಶಾಲೆ, ಆಮೇಲೆ ಆಟ.

ನಮ್ಮ ಶಾಲೆಯ ಕಬಡ್ಡಿ ಅಂಕಣದಲ್ಲಿ, ಬೀದಿಯ ಕ್ರಿಕೆಟ್ಟಿನಲ್ಲಿ ಫಿಸಿಯೋ ಇರುವುದಿಲ್ಲ. ಅಲ್ಲಿ ನೋಡುವವರು ನೀವು, ಇಲ್ಲವೆ ಮಕ್ಕಳ ಮೇಷ್ಟರು. ತಂಡದಿಂದ ಹೊರಗುಳಿದೇನೆಂಬ ಭಯಕ್ಕೆ ಹುಡುಗರು ನೋವನ್ನು ಮುಚ್ಚಿಡುತ್ತಾರೆ. ಆದುದರಿಂದ ಗದರಿಸದೆ ಕೇಳಿರಿ. ತಲೆನೋವು ಏರುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ, ಕತ್ತು ನೋಯುತ್ತಿದ್ದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಇವಾವುವೂ ಇಲ್ಲದಿದ್ದರೂ ಆ ದಿನ ಆಟ ಬೇಡ. ವೈದ್ಯರಿಗೆ ತೋರಿಸಿರಿ, ರಾತ್ರಿ ಗಮನವಿಡಿರಿ, ಬೆಳಗ್ಗೆ ಮತ್ತೊಮ್ಮೆ ಕೇಳಿರಿ. ಸ್ಮಿತ್ ಅವರಿಗೂ ತೊಂದರೆ ಕಾಣಿಸಿಕೊಂಡದ್ದು ಮರುದಿನ ಬೆಳಗ್ಗೆಯೇ.